ಹೊಂಡ ಮುಚ್ಚಿದ ಮರ್ಯಾದೆ

ಕೆಲವರ ಹಣೆಬರಹವೇ ಹಾಗೆ, ಮರುಭೂಮಿಗೆ ಹೋದರೂ ಗ್ರಹಚಾರ ಹುಡುಕಿಕೊಂಡು ಬರುತ್ತದೆ. ನಾನು ಕುವೈತಿನ ರಿಗ್ಗೈಯಲ್ಲಿ ಸಂಸಾರ ಹೂಡಿರುವ ಸರ್ವೇಯರ್. ಕಳೆದ ಚಳಿಗಾಲ ಕಂಪನಿ ನನ್ನನ್ನು ಒಬ್ಬ ಇಂಗ್ಲಿಷ್ ಪ್ರೊಫೆಸರರ ಜೊತೆ ಹಾಕಿತು. ಒಂಟೆಗಳು ಓಡಾಡುತ್ತಿದ್ದ ಹಳೆಯ ದಾರಿಯನ್ನು ಅವರು ಅಗೆದು ತೋರಿಸಬೇಕು. ತೋರಿಸದಿದ್ದರೆ ಅಲ್ಲಿ ಪೈಪ್‌ಲೈನ್ ಬರುತ್ತದೆ, ನಮ್ಮ ಕೆಲಸ ಖಲಾಸ್. ಇಲ್ಲಿ ಉಳಿಯಲು ಬೇಕಾದ ಪರವಾನಗಿ, ನನ್ನ ಇಕಾಮಾ ಕೂಡ ಆ ಕೆಲಸಕ್ಕೇ ಜೋತುಬಿದ್ದಿತ್ತು.

೧. ಶತಮಾನ

ಪ್ರೊಫೆಸರರು ತಮ್ಮ ದೇಶದ ಒಂದು ಹಳ್ಳಿಯಲ್ಲಿ ಮಧ್ಯಯುಗದ ರಸ್ತೆಗಳನ್ನು ಅಗೆದವರು. "ಆ ರಸ್ತೆಗಳನ್ನು ಯಾರೂ ಕಟ್ಟಲಿಲ್ಲ. ಜನ, ದನ, ಗಾಡಿ ಓಡಾಡಿ ನೆಲ ತಗ್ಗಾಯಿತು. ತಗ್ಗೇ ಸಾಕ್ಷಿ" ಎಂದರು.

"ನಮ್ಮೂರಿನ ಡಾಮರು ರಸ್ತೆಯೂ ಹಾಗೇ ಇದೆ ಸರ್" ಎಂದೆ.

"ಯಾವ ಶತಮಾನದ್ದು?" ಎಂದು ಕೇಳಿದರು.

೨. ಕರ್ತೃ

ವಾರಗಟ್ಟಲೆ ಅಲೆದ ಮೇಲೆ ಉದ್ದನೆಯ ತಗ್ಗೊಂದು ಸಿಕ್ಕಿತು. ಪ್ರೊಫೆಸರರು ಮೊಣಕಾಲೂರಿ ಅಳೆದರು. ಅವರ ಕಣ್ಣು ತುಂಬಿತು. ಅಷ್ಟರಲ್ಲಿ ಚಳಿಗಾಲಕ್ಕೆಂದು ಅಲ್ಲಿ ಟೆಂಟ್ ಹಾಕಿದ್ದ ಕುವೈತಿ ಮುದುಕರೊಬ್ಬರು ಅದೇ ತಗ್ಗಿನಲ್ಲಿ ಜೀಪು ಓಡಿಸಿಕೊಂಡು ಬಂದರು. ಈ ದಾರಿ ಗೊತ್ತೇ ಎಂದು ಕೇಳಿದೆ.

"ಗೊತ್ತಿಲ್ಲದೆ ಏನು? ಟೆಂಟಿಗೆ ನೀರು ತರುತ್ತಾ ನಾನೇ ಮಾಡಿದ್ದು."

೩. ಮರ್ಯಾದೆ

ಕೊನೆಗೂ ನಿಜವಾದದ್ದೇ ಸಿಕ್ಕಿತು. ಮರಳು ಸರಿಸಿದಾಗ ಒಂಟೆಗಳು ಸವೆಸಿದ ತಗ್ಗುಗಳು ಸಾಲಾಗಿ ಕಂಡವು. ಪೈಪ್‌ಲೈನ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ದೊಡ್ಡ ಅಧಿಕಾರಿ ಮರುದಿನ ಬರುವವರಿದ್ದರು. ಅವರಿಗೆ ಫೋಟೋ ಸಾಲದು, ಕಣ್ಣಾರೆ ನೋಡಬೇಕು. ನಮ್ಮ ಮೇಸ್ತ್ರಿ ಬಂಟ್ವಾಳ ಕಡೆಯ ಬ್ಯಾರಿ, ಊರಲ್ಲಿ ರಸ್ತೆ ಕಂಟ್ರಾಕ್ಟರರ ಹತ್ತಿರ ಪಳಗಿದವನು. ಜಾಗ ನೀಟಾಗಿರಲಿ ಎಂದು ಅವನಿಗೆ ಹೇಳಿ ಹೊರಟೆವು.

ಬೆಳಿಗ್ಗೆ ಬಂದು ನೋಡಿದರೆ ತಗ್ಗುಗಳೆಲ್ಲ ಮಾಯ. ಮಣ್ಣು ತುಂಬಿ, ನೀರು ಹಾಕಿ, ರೋಲರ್ ಹೊಡೆಸಿದ್ದ. ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು.

"ಎಂತ ಮಾಡಿದೆ ಮಾರಾಯ?"

"ಊರಲ್ಲಿ ಮಿನಿಸ್ಟರ್ ಬರುವಾಗ ಹೊಂಡ ಮುಚ್ಚುದಿಲ್ವಾ ಸಾರ್? ಇಷ್ಟು ಹೊಂಡ ಇಟ್ಕೊಂಡು ದೊಡ್ಡವರನ್ನು ಕರೆಯುದು ಮರ್ಯಾದೆಯಾ?"

ಪ್ರೊಫೆಸರರು ಮರಳಿನ ಮೇಲೆ ಕುಸಿದು ಕೂತರು. ಅಳುವುದಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಅಧಿಕಾರಿ ಬಂದು, ಈ ತುದಿಯಿಂದ ಆ ತುದಿಗೆ ನಡೆದು, ಬೂಟಿನಿಂದ ಒತ್ತಿ ನೋಡಿದರು. "ರಸ್ತೆ ಬಹಳ ಚೆನ್ನಾಗಿದೆ. ಹಳೆಯದು ಎಲ್ಲಿ?"

ನಾನು ಅವರ ಬೂಟಿನ ಅಡಿಗೆ ಬೆರಳು ತೋರಿಸಿದೆ. ಅಲ್ಲಿಗೆ ಪೈಪ್‌ಲೈನ್ ಗೆದ್ದಿತು. ಹೋಗುವಾಗ ಅವರು ಮೇಸ್ತ್ರಿಯ ಬೆನ್ನು ತಟ್ಟಿ, ಪೈಪ್‌ಲೈನ್ ಕೆಲಸಕ್ಕೆ ಬಾ ಎಂದು ಕರೆದರು.

ಸಂಜೆ ಮೇಸ್ತ್ರಿ ನನ್ನ ಹತ್ತಿರ ಬಂದ. ಮುಖದಲ್ಲಿ ನಿಜವಾದ ಕನಿಕರವಿತ್ತು. "ಅಲ್ಲಿ ಸರ್ವೇಯರ್ ಬೇಕಂತೆ ಸಾರ್. ನಿಮ್ಮ ಬಗ್ಗೆ ನಾನೊಂದು ಮಾತು ಹೇಳ್ತೇನೆ. ಆದ್ರೆ ಅಲ್ಲಿ ಹೊಂಡ ಕಂಡ್ರೆ ಮುಚ್ಚಬೇಕು, ಸುತ್ತ ಕೂತು ಅಳತೆ ತೆಗೀಲಿಕ್ಕಿಲ್ಲ."