ಚಿನ್ನದ ಗಣಿ ನೋಡಲು ಹೋಗಿ ಮದುವೆ ಗಂಡಾದದ್ದು

ನಾನು ಆಗ ನಂಜನಗೂಡಿನ ಇತಿಹಾಸಾಸಕ್ತರ ಕೂಟವೊಂದರ ಕಾರ್ಯದರ್ಶಿ. ಕೂಟದಲ್ಲಿ ಇದ್ದದ್ದೇ ಹತ್ತು ಹನ್ನೆರಡು ಜನ. ಆದರೂ ಕಾರ್ಯದರ್ಶಿ ಕಾರ್ಯದರ್ಶಿಯೇ! ಲೆಟರ್‌ಹೆಡ್ಡಿನಲ್ಲಿ ಹೆಸರು ಬರುತ್ತದೆ. ಕಾಲೇಜುಗಳಲ್ಲಿ ಭಾಷಣಕ್ಕೆ ಕರೆದು ಹಾರ ಹಾಕುತ್ತಾರೆ. ಸರ್ಕಾರಿ ಕಚೇರಿಯ ಗುಮಾಸ್ತನಾದ ನನಗೆ ಬೇರೆ ಯಾರು ಹಾರ ಹಾಕಬೇಕು?

ಆ ಪದವಿಗೇ ಈಗ ಕುತ್ತು ಬಂದಿತ್ತು. ಹಿಂದಿನ ಪ್ರವಾಸದಲ್ಲಿ ಎಲ್ಲರನ್ನೂ ತಿ. ನರಸೀಪುರದ ಕಡೆ ಕರೆದೊಯ್ದು ಗಂಗರ ಕಾಲದ ಶಾಸನವೊಂದನ್ನು ತೋರಿಸಿ, ಎರಡು ಸಾಲು ಓದಿಯೂ ಹೇಳಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಅದೇ ಕಲ್ಲಿನ ಮೇಲೆ ಸೀರೆ ಒಗೆಯತೊಡಗಿದಳು. ನಾನು ಓದಿದ ಅಕ್ಷರಗಳೆಲ್ಲ, ಕಲ್ಲು ಜಾರುತ್ತದೆಂದು ಹೋದ ವರ್ಷ ಅವಳ ಗಂಡ ಉಳಿಯಿಂದ ಹೊಡೆದ ಕಚ್ಚುಗಳಂತೆ!

ಅಂದಿನಿಂದ ಕೂಟದಲ್ಲಿ ನಾನು ಏನು ಹೇಳಿದರೂ ಅನುಮಾನ. ಅಧ್ಯಕ್ಷರಾದ ನಂಜಪ್ಪ ಮೇಷ್ಟ್ರು ಬಾಯಿ ಬಿಟ್ಟೇ ಹೇಳಿದರು. "ಇನ್ನೊಂದ್ಸಲ ಹಿಂಗಾದ್ರೆ ವಾರ್ಷಿಕ ಸಭೇಲಿ ಬೇರೆ ಕಾರ್ಯದರ್ಶಿ ನೋಡ್ಬೇಕಾಗುತ್ತೆ ಕಣ್ರೀ." ಪಕ್ಕದಲ್ಲಿ ಕೂತಿದ್ದ ಜವಳಿ ಅಂಗಡಿಯ ಗುರುಮಲ್ಲಪ್ಪ ಸುಮ್ಮನೆ ನಕ್ಕ. ಆ ನಗುವಿನ ಮೇಲೆ ನನಗೂ ಅನುಮಾನ.

ಅಂಥ ಸಮಯದಲ್ಲಿ ಗಣಿಯ ಸುದ್ದಿ ಸಿಕ್ಕಿತು. ಚಿನ್ನದ ಗಣಿ ಎಂದರೆ ಎಲ್ಲರ ಬಾಯಲ್ಲೂ ಕೋಲಾರವೇ. ನಮ್ಮ ತಾಲ್ಲೂಕಿನಲ್ಲೂ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕೆಂದು ನೆಲ ಅಗೆದು, ಗಿಟ್ಟದೆ ಬಿಟ್ಟು ಹೋಗಿದ್ದರು. ಅಂಥದೊಂದು ಗಣಿ ಒಂದು ಹಳ್ಳಿಯಲ್ಲಿ, ಯಾರದೋ ಮನೆಯ ಹಿತ್ತಿಲಲ್ಲಿ ಇನ್ನೂ ಬಾಯಿ ತೆರೆದುಕೊಂಡಿದೆ ಎಂದು ಗೊಬ್ಬರದ ಅಂಗಡಿಯಲ್ಲಿ ಒಬ್ಬರು ಹೇಳಿದರು. ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿಯುತ್ತದೆ. ಗಣಿಯೇನು ಒಗೆಯುವ ಕಲ್ಲಾಗಲು ಸಾಧ್ಯವಿಲ್ಲವಲ್ಲ! ಮುಂದಿನ ಪ್ರವಾಸ ಅಲ್ಲಿಗೇ ಎಂದು ಧೈರ್ಯವಾಗಿ ಘೋಷಿಸಿದೆ.

ಭಾನುವಾರ ಬೆಳಿಗ್ಗೆ ಗ್ರೂಪ್ ಫೋಟೋಗೆಂದು ತಲೆಗೆ ಬಣ್ಣ ಹಚ್ಚಿಕೊಂಡು ಹೊರಟೆ. ನನ್ನ ಹೆಂಡತಿ ಸುಶೀಲಳೂ ಹೊರಟಳು.

"ನಿನಗೂ ಗಣಿ ಮೇಲೆ ಆಸಕ್ತಿ ಬಂತಾ?" ಎಂದೆ.

"ಇಲ್ಲ. ನೀವು ಈ ಸಲ ಏನು ಮಾಡ್ತೀರಿ ಅಂತ ನೋಡೋಕೆ," ಎಂದಳು.

ಹಳ್ಳಿಯ ಅರಳಿಕಟ್ಟೆಯ ಮುಂದೆ ಕೂಟದವರೆಲ್ಲ ತುಂಬಿದ್ದ ಮೆಟಡೋರ್ ವ್ಯಾನು ನಿಂತಿತು. ಕಟ್ಟೆಯ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿದ್ದ ಒಬ್ಬ ಯಜಮಾನರನ್ನು ವಿನಯದಿಂದ ಕೇಳಿದೆ. "ಇಲ್ಲಿ ಹಳೇ ಗಣಿ ಇದೆಯಂತಲ್ಲ, ಯಾವ ಕಡೆ?"

"ಗಣಿನಾ? ನಮ್ಮೂರಲ್ಲಾ? ಇಲ್ಲ ಸಾ."

"ಕಲ್ಲು ಅಗೆದ ಗುಂಡಿ ಯಾವುದಾದರೂ?"

"ಕಲ್ಲೇ ಇಲ್ವಲ್ಲ ಸಾ ನಮ್ಮೂರಲ್ಲಿ," ಎಂದರು, ಕಲ್ಲಿನ ಕಟ್ಟೆಯ ಮೇಲೆ ಕೂತು ಕಲ್ಲಿಗೆ ಒರಗಿಕೊಂಡು.

ಅವರದೂ ತಪ್ಪಲ್ಲ. ರಸ್ತೆ ಬದಿಯ ಜಮೀನುಗಳು ಒಂದೊಂದಾಗಿ ಕಾರ್ಖಾನೆಗಳಿಗೆ ಹೋಗುತ್ತಿದ್ದ ಕಾಲ ಅದು. ಪ್ಯಾಂಟು ಹಾಕಿದ ಅಪರಿಚಿತ ನೆಲದ ಬಗ್ಗೆ ಕೇಳಿದರೆ ಯಾರು ತಾನೇ ನಂಬುತ್ತಾರೆ? ಜನ ಸೇರಿದರು. ಒಬ್ಬ ವ್ಯಾನಿನೊಳಗೆ ಇಣುಕಿ ನಮ್ಮ ಅಳತೆ ಟೇಪು, ಹಗ್ಗ ನೋಡಿದ. "ಸರ್ವೆಯವ್ರು ಕಣ್ಲಾ" ಎಂದ. "ಅಲ್ಲ ಕಣ್ಲಾ, ನಿಧಿ ತೆಗೆಯೋರು" ಎಂದ ಇನ್ನೊಬ್ಬ. ಮೂರನೆಯವನು ವ್ಯಾನಿನ ನಂಬರನ್ನು ಬಾಯಿಪಾಠ ಮಾಡತೊಡಗಿದ.

"ವಾಪಸ್ ಹೋಗೋಣ ಕಣ್ರೀ," ಎಂದರು ಮೇಷ್ಟ್ರು.

"ಶಾಸನದ ಕಥೇನೇ ಆಯ್ತಲ್ಲ ಇದೂ," ಎಂದ ಗುರುಮಲ್ಲಪ್ಪ.

ಆ ಮಾತೇ ನನ್ನ ತಲೆ ಕೆಡಿಸಿದ್ದು. ನನಗೇ ಗೊತ್ತಿಲ್ಲದಂತೆ ಬಾಯಿಂದ ಬಂದುಬಿಟ್ಟಿತು. "ನಾವು ಸರ್ವೆಯವರೂ ಅಲ್ಲ, ನಿಧಿಯವರೂ ಅಲ್ಲ. ಹೆಣ್ಣು ನೋಡೋಕೆ ಬಂದಿದೀವಿ."

ಯಜಮಾನರು ಸರಿಯಾಗಿ ಕೂತರು. "ಯಾರ ಮನೆಗೆ?"

"ಹಿತ್ತಿಲಲ್ಲಿ ದೊಡ್ಡ ಗುಂಡಿ ಇದೆಯಲ್ಲ, ಆ ಮನೆಗೆ."

ಯಜಮಾನರು ನಿಧಾನವಾಗಿ ಎದ್ದು ಟವೆಲ್ ಕೊಡವಿಕೊಂಡರು. "ಅದು ನಮ್ಮನೇನೇ. ನಾನು ಪುಟ್ಟಮಾದಪ್ಪ. ನಮ್ಮನೇಲಿ ಹೆಣ್ಣೈತೆ ಅಂತ ಯಾರೇಳಿದ್ರು?"

"ಹದಿನಾರು ಗ್ರಾಮದ ನೆಂಟರು."

"ಅದಿನಾರಲ್ಲಿ ನಮ್ಗೆ ಯಾರೂ ಇಲ್ವಲ್ಲ."

"ನಮಗಿದ್ದಾರೆ," ಎಂದೆ. ಸುಳ್ಳಿಗೆ ಒಮ್ಮೆ ಚಕ್ರ ಹಾಕಿದ ಮೇಲೆ ಅದು ತಾನೇ ಓಡುತ್ತದೆ.

"ಗಂಡು ಯಾರು?"

ಗಂಡಿಗೆ ರಜೆ ಸಿಗಲಿಲ್ಲ ಎಂದು ಹೇಳುವವನಿದ್ದೆ. ಪುಟ್ಟಮಾದಪ್ಪನವರು ನಮ್ಮೆಲ್ಲರನ್ನೂ ಒಮ್ಮೆ ಎಣಿಸುವಂತೆ ನೋಡಿ, "ಗಂಡೇ ಇಲ್ದೆ ವ್ಯಾನ್ ತುಂಬ ಬಂದಿದೀರಾ?" ಎಂದರು. ಆ ದನಿ ಪೊಲೀಸ್ ಠಾಣೆಯ ದಾರಿಯಲ್ಲಿತ್ತು. ನಮ್ಮ ಕೂಟದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಐವತ್ತು ದಾಟಿದವರು. ಕೆಲವರಿಗೆ ಹಲ್ಲೂ ಇರಲಿಲ್ಲ. ನನಗೆ ಮೂವತ್ತೊಂಬತ್ತು, ತಲೆ ಬೇರೆ ಅಂದು ಕಾಡಿಗೆಯಷ್ಟು ಕಪ್ಪು. ಜೀವನವಿಡೀ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಬೋಧಿಸಿದ ನಂಜಪ್ಪ ಮೇಷ್ಟ್ರ ಬೆರಳು ಮೆಲ್ಲಗೆ ಮೇಲೆದ್ದು ನನ್ನ ಕಡೆ ತಿರುಗಿತು.

"ಇವರೇ," ಎಂದರು.

"ವಯಸ್ಸು ಮೂವತ್ತು," ಎಂದು ಗುರುಮಲ್ಲಪ್ಪ ಯಾರೂ ಕೇಳದಿದ್ದರೂ ಸೇರಿಸಿದ.

ಪುಟ್ಟಮಾದಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರ ಕಣ್ಣು ವ್ಯಾನಿನಿಂದ ಇಳಿಯುತ್ತಿದ್ದ ಸುಶೀಲಳ ಮೇಲೆ ಬಿತ್ತು. "ಇವ್ರು?"

ಸುಶೀಲ ಸೆರಗು ಸರಿಮಾಡಿಕೊಂಡು ಶಾಂತವಾಗಿ ಹೇಳಿದಳು. "ಗಂಡಿನ ಅಕ್ಕ." ಅವಳು ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮನೆಯಲ್ಲಿ ಚಾಪೆ ಹಾಸಿದರು. ನನ್ನೊಬ್ಬನಿಗೆ ಕುರ್ಚಿ. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಕುರ್ಚಿಯ ಎದುರಿಗೇ ಹಿತ್ತಿಲ ಬಾಗಿಲು ತೆರೆದಿತ್ತು. ಅದರಾಚೆ ಬಿಸಿಲಿಗೆ ಹೊಳೆಯುವ ಬಿಳಿ ಕಲ್ಲುಗಳ ರಾಶಿ ಕಂಡಿತು. ಗಣಿಯಿಂದ ತೆಗೆದ ಕಲ್ಲೇ! ನಾನು ಅರ್ಧ ಎದ್ದೆ.

"ಕೂತ್ಕಳಿ," ಎಂದರು ಪುಟ್ಟಮಾದಪ್ಪನವರು. "ಗಂಡು ಎದ್ದೆದ್ದು ಓಡಾಡ್ಬಾರ್ದು."

ಕೂತೆ. ಆಗ ಗುರುಮಲ್ಲಪ್ಪ ಎದ್ದ. "ಸ್ವಲ್ಪ ಬಚ್ಚಲ ಕಡೆ ಹೋಗ್ಬೇಕಿತ್ತು" ಎಂದು ಹಿತ್ತಿಲಿಗೆ ಹೋದವನು ಬಹಳ ಹೊತ್ತಾದ ಮೇಲೆ ಬಂದ. ಮುಖದಲ್ಲಿ ಪರಮಾನಂದ, ಮೊಣಕಾಲಲ್ಲಿ ಮಣ್ಣು. ನನಗೆ ತಕ್ಷಣ ಗೊತ್ತಾಯಿತು. ಉಳಿದವರಿಗೂ ಗೊತ್ತಾಯಿತು. ಮೇಷ್ಟ್ರು ಬಚ್ಚಲಿಗೆಂದು ಎದ್ದರು. ಅವರು ಬಂದ ಕೂಡಲೇ ಇನ್ನೊಬ್ಬರು. ಅವರು ಬರುವ ಮೊದಲೇ ಮತ್ತಿಬ್ಬರು. ಒಬ್ಬರಂತೂ ಬಚ್ಚಲಿಗೆ ಕ್ಯಾಮೆರಾ ತೆಗೆದುಕೊಂಡು ಹೋದರು!

ಪುಟ್ಟಮಾದಪ್ಪನವರ ಹುಬ್ಬು ಮೇಲೇರುತ್ತಲೇ ಇತ್ತು. ಕೊನೆಗೆ ಸುಶೀಲಳ ಕಡೆ ಬಗ್ಗಿ ಕೇಳಿದರು. "ಯಾಕವ್ವಾ, ನಿಮ್ಮೋರಿಗೆಲ್ಲ ಸಕ್ಕರೆ ಕಾಯ್ಲೆನಾ?"

"ವಂಶದಲ್ಲೇ ಇದೆ," ಎಂದಳು ಸುಶೀಲ.

ಅಷ್ಟರಲ್ಲಿ ಅವರ ಮಗಳು ಮಂಜುಳ ಕಾಫಿ ತಂದಳು. ಲೋಟ ಕೊಡಲು ಬಗ್ಗಿದಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದಳು. "ಸಾರ್, ಹೋದ್ ವರ್ಷ ನಮ್ಮ ಕಾಲೇಜಲ್ಲಿ ಭಾಷಣ ಮಾಡಿದ್ರಲ್ಲ. ನಿಮ್ಮ ಈ ಅಕ್ಕನೂ ಬಂದಿದ್ರು. ಆಗ ನಿಮ್ಮ ಹೆಂಡ್ತಿ ಆಗಿದ್ರು."

ಕಾಫಿ ಚೆಲ್ಲಿತು. ಅಲ್ಲಿಯವರೆಗೆ ಭಯವಿತ್ತು, ಈಗ ನಿಜವಾದ ನಾಚಿಕೆಯಾಯಿತು. ಒಂದು ಗುಂಡಿ ನೋಡುವುದಕ್ಕಾಗಿ ಈ ಹುಡುಗಿಯನ್ನು ಸೀರೆ ಉಡಿಸಿ ನಿಲ್ಲಿಸಿದ್ದೆ. ಆದರೆ ಅವಳು ಯಾರಿಗೂ ಏನೂ ಹೇಳದೆ ಸುಶೀಲಳನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು. ಒಳಗಿನಿಂದ ಇಬ್ಬರ ನಗು ಕೇಳಿಸಿತು.

ಹೊರಗೆ ನನ್ನ ವಿಚಾರಣೆ ನಡೆಯಿತು. ಯಾವ ಮಠದ ಒಕ್ಕಲು, ಜಮೀನು ಎಷ್ಟು, ನೀರಾವರಿಯೋ ಖುಷ್ಕಿಯೋ, ಇಷ್ಟು ದಿನ ಯಾಕೆ ಮದುವೆಯಾಗಲಿಲ್ಲ. ಎಲ್ಲಕ್ಕೂ ಬೆವರುತ್ತಾ ಉತ್ತರಿಸಿದೆ. ಕೊನೆಗೆ ತಡೆಯಲಾರದೆ, "ನನಗೂ ಬಚ್ಚಲಿಗೆ ಹೋಗಬೇಕು" ಎಂದೆ.

ಪುಟ್ಟಮಾದಪ್ಪನವರು ತಾವೇ ಚೊಂಬಿನಲ್ಲಿ ನೀರು ಹಿಡಿದು ಎದ್ದರು. "ಇತ್ಲು ಗಲೀಜು, ಗಂಡಿಗೆ ಬ್ಯಾಡ. ಬನ್ನಿ," ಎಂದು ಮುಂದಿನ ಬಾಗಿಲಿಂದ ಕರೆದೊಯ್ದು, ಬೀದಿಯ ಕೊನೆಯ ಬೇಲಿ ತೋರಿಸಿ, ಕಾವಲಿಗೆ ನಿಂತರು. ಹೋದ ಹಾಗೆಯೇ ಬಂದೆ.

ವಾಪಸ್ ಬರುವಾಗ ವ್ಯಾನಿನಲ್ಲಿ ಗಣಿಯದೇ ಮಾತು. ಬಂಡೆ ಕೊರೆದ ಸುರಂಗವಂತೆ, ಬಗ್ಗಿ ಒಳಗೆ ಹೋಗಬಹುದಂತೆ, ಗೋಡೆಯ ಮೇಲೆ ಉಳಿಯ ಗುರುತು ಹಾಗೆಯೇ ಇದೆಯಂತೆ. ಈ ಸಲ ಉಳಿಯ ಗುರುತು ನಿಜವಾದದ್ದು! ಅದನ್ನೂ ನಾನು ನೋಡಲಿಲ್ಲ.

"ಎಷ್ಟು ಆಳ ಇರಬಹುದು?" ಎಂದು ಕೇಳಿದೆ.

"ಹೇಳಿದ್ರೆ ಗೊತ್ತಾಗಲ್ಲ, ನೋಡ್ಬೇಕು," ಎಂದ ಗುರುಮಲ್ಲಪ್ಪ.

ಮನೆಗೆ ಬಂದ ಮೇಲೆ ಸುಶೀಲ ಅಡಿಗೆಮನೆಯ ಗುಟ್ಟು ಹೇಳಿದಳು. ಮಂಜುಳಳಿಗೆ ಬಿ.ಎಡ್. ಓದುವ ಆಸೆ. ಅಪ್ಪ ಮೇಲಿಂದ ಮೇಲೆ ಗಂಡುಗಳನ್ನು ಕರೆತರುತ್ತಿದ್ದರು. ನಮ್ಮ ಸಂಬಂಧ ಯೋಚನೆಯಲ್ಲಿದ್ದಷ್ಟು ದಿನ ಬೇರೆಯವರು ಬರುವುದಿಲ್ಲ ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಪುಟ್ಟಮಾದಪ್ಪನವರು ಅನುಮಾನದ ಮನುಷ್ಯ, ಬೇಗ ತೀರ್ಮಾನಿಸುವವರಲ್ಲ. ಅವರು ಯೋಚಿಸುತ್ತಿರುವಾಗಲೇ ಅವಳು ಕಾಲೇಜಿಗೆ ಸೇರಿಯೂ ಆಯಿತು.

ನಮ್ಮ ವಾರ್ಷಿಕ ಸಭೆ ಬಂತು. ಗಣಿಯ ಬಗ್ಗೆ ಕಾರ್ಯದರ್ಶಿ ವರದಿ ಮಂಡಿಸಬೇಕು. ನಾನು ಎದ್ದು ನಿಂತೆ.

"ನೀವು ನೋಡಿಲ್ವಲ್ಲ," ಎಂದರು ಮೇಷ್ಟ್ರು.

"ನಾನು ಕುರ್ಚಿಯಲ್ಲಿ ಕೂತಿದ್ದರಿಂದ ತಾನೇ ನೀವೆಲ್ಲ ನೋಡಿದ್ದು?"

"ಅದು ನಿಜ. ಆದ್ರೂ ನೋಡಿದೋರು ಹೇಳಿದ್ರೇ ಚೆಂದ."

ಗುರುಮಲ್ಲಪ್ಪ ವರದಿ ಓದಿದ. ಚಪ್ಪಾಳೆ ಬಿತ್ತು. ಅದೇ ಚಪ್ಪಾಳೆಯಲ್ಲಿ ಅವನನ್ನು ಕಾರ್ಯದರ್ಶಿ ಮಾಡಿದರು, ಸರ್ವಾನುಮತದಿಂದ. ನನ್ನ ಕೈಯೂ ಮೇಲಿತ್ತು ಎಂದು ಆಮೇಲೆ ತಿಳಿಯಿತು.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಸುಶೀಲ ಸೊಪ್ಪು ಬಿಡಿಸುತ್ತಿದ್ದಳು. "ಪುಟ್ಟಮಾದಪ್ಪನವರು ಸಂತೇಲಿ ಸಿಕ್ಕಿದ್ರು. ಸಂಬಂಧ ಬೇಡವಂತೆ," ಎಂದಳು.

ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಎಲ್ಲೋ ಚುಚ್ಚಿತು. "ಯಾಕಂತೆ? ಸಕ್ಕರೆ ಕಾಯಿಲೆ ಅಂತಲಾ?"

"ಅಲ್ಲ. ಅದು ಈಗ ಯಾರಿಗಿಲ್ಲ ಅಂದ್ರು. ಬಂದೋರೆಲ್ಲ ಗುಂಡಿ ನೋಡೋಕೇ ಎದ್ದು ಹೋಗ್ತಿದ್ದಾರೆ ಅಂತ ಅವರಿಗೆ ಅವತ್ತೇ ಗೊತ್ತಾಗಿತ್ತಂತೆ. ಮುದುಕರು, ಪಾಪ, ನೋಡ್ಲಿ ಅಂತ ಸುಮ್ಮನಿದ್ದರಂತೆ."

"ಮತ್ತೆ ನನ್ನಲ್ಲಿ ಏನು ದೋಷ ಕಂಡರಂತೆ?"

ಸುಶೀಲ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಅಷ್ಟು ಜನ ಎದ್ದು ಹೋಗಿ ನೋಡ್ಕೊಂಡು ಬಂದ್ರು, ಗಂಡು ಮಾತ್ರ ಕೂತಲ್ಲೇ ಕೂತಿತ್ತು. ಏನೈತೆ ಅಲ್ಲಿ ಅಂತ ಒಂದ್ ಮಾತೂ ಕೇಳ್ಲಿಲ್ಲ, ಕೇಳಿದ್ರೆ ನಾನೇ ತೋರಿಸ್ತಿದ್ದೆ. ಯಾವುದರಲ್ಲೂ ಆಸಕ್ತಿ ಇಲ್ಲದ ಮನುಷ್ಯ, ನಮ್ಮ ಹುಡುಗಿಗೆ ಬ್ಯಾಡ ಅಂದ್ರು."