ಎಡಗಡೆಯ ಗಾಜು

ಮನೆಗೆ ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ಎಂಟು ಮೆಟ್ಟಿಲು ಇಳಿದು, ಮತ್ತೆ ಅದೇ ಎಂಟು ಮೆಟ್ಟಿಲು ಹತ್ತಿ ಇನ್ನೊಮ್ಮೆ ಜಗ್ಗಿ ನೋಡುವವರನ್ನು ನೀವು ಕಂಡಿರಬಹುದು. ಕಂಡಿಲ್ಲವಾದರೆ ಬೆಳಿಗ್ಗೆ ಒಂಬತ್ತೂಕಾಲಿಗೆ ಪುಣೆಯ ಸದಾಶಿವ ಪೇಠದ ನಮ್ಮ ಕಟ್ಟಡಕ್ಕೆ ಬನ್ನಿ, ನಾನು ಸಿಗುತ್ತೇನೆ. ಹೆಂಡತಿ ಶಾರದಾ ಇದನ್ನು ಚಟ ಎನ್ನುತ್ತಾಳೆ, ನಾನು ಜವಾಬ್ದಾರಿ ಎನ್ನುತ್ತೇನೆ. ವಿಮಾ ಕಚೇರಿಯಲ್ಲಿ ಕೂತು ಅಪಘಾತದ ವರದಿಗಳನ್ನು ಓದುವುದೇ ಹೊಟ್ಟೆಪಾಡಾದವನಿಗೆ ಲೋಕ ಬೇರೆ ರೀತಿಯೇ ಕಾಣುತ್ತದೆ. ಯಾರದೋ ಬಾಲ್ಕನಿಯ ಕಟ್ಟೆಯ ಮೇಲೆ ಹೂಕುಂಡ ಕಂಡರೆ ಬೇರೆಯವರು ಹೂವು ನೋಡುತ್ತಾರೆ. ನಾನು ಅದರ ಕೆಳಗೆ ಹಾದುಹೋಗಲಿರುವ ತಲೆಯನ್ನು ನೋಡುತ್ತೇನೆ.

ಇಂಥವನ ಹೆಂಡತಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರು ಕಲಿತಳು. ನನ್ನಿಂದಲ್ಲ. ನಾನು ಕಲಿಸಲು ಕೂತ ಮೊದಲ ದಿನವೇ, ಬ್ರೇಕ್ ಇಲ್ಲದ ಕಡೆ ಕಾಲು ಒತ್ತಿ ಒತ್ತಿ, ಎರಡು ದಿನ ಮಂಡಿ ಹಿಡಿದುಕೊಂಡು ಕುಂಟಿದ್ದೆ. ಅವಳು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಳು, ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು, ಕೊನೆಗೆ ಮನೆದೇವರು ಮೈಲಾರಲಿಂಗನಿಗೆ ಹರಕೆ ಹೊತ್ತಳು: ಲೈಸೆನ್ಸ್ ಬಂದರೆ ತಾನೇ ಕಾರು ನಡೆಸಿಕೊಂಡು ಜೇಜುರಿಗೆ ಬಂದು ಅರಿಶಿನದ ಭಂಡಾರ ಹಾರಿಸುವುದಾಗಿ. ಧಾರವಾಡ ಬಿಟ್ಟು ಬಂದ ನಮ್ಮಂಥವರಿಗೆ ಜೇಜುರಿಯ ಖಂಡೋಬಾನೇ ಮೈಲಾರ. ಜನ ಬೆಳ್ಳಿಯ ಕಣ್ಣು, ಕಂಚಿನ ಗಂಟೆ ಹರಕೆ ಹೊರುವುದುಂಟು. ದೇವರಿಗೆ ಕ್ಲಚ್ಚು, ಗೇರುಗಳ ಹರಕೆ ಹೊತ್ತವಳು ಇವಳೊಬ್ಬಳೇ ಇರಬೇಕು. ದೇವರಿಗೂ ಹೊಸದೆನ್ನಿಸಿತೋ ಏನೋ, ಮೂರನೆಯ ಸಲಕ್ಕೆ ಲೈಸೆನ್ಸ್ ಬಂತು.

ನನ್ನ ನಿದ್ದೆ ಹೋಯಿತು. ಜೇಜುರಿಯ ದಾರಿಯಲ್ಲಿ ದಿವೇಘಾಟ್ ಇದೆ. ಘಾಟಿನಲ್ಲಿ ತಿರುವುಗಳಿವೆ. ತಿರುವಿನಾಚೆ ಏನು ಬರುತ್ತಿರುತ್ತದೆ ಎಂಬುದು ವರದಿ ಓದುವ ನನಗೆ ಗೊತ್ತು. ನಾಲ್ಕು ಭಾನುವಾರ ನಾಲ್ಕು ನೆವ ಹೇಳಿ ದಾಟಿಸಿದೆ. ಸರ್ವಿಸಿಂಗ್ ಆಗಿಲ್ಲ ಅಂದೆ, ಟೈರಿನಲ್ಲಿ ಗಾಳಿ ಕಡಿಮೆ ಅಂದೆ, ಸೊಂಟನೋವು ಅಂದೆ. ಒಂದು ವಾರವಂತೂ ಊರಿಗೆಲ್ಲ ನೀಲಿಯಾಗಿ ಕಂಡ ಆಕಾಶದಲ್ಲಿ ನನಗೊಬ್ಬನಿಗೇ ಮೋಡ ಕಂಡಿತು. ಐದನೆಯ ಭಾನುವಾರ ಎದುರಿಗೆ ಬಂದಾಗ ಕೈಯಲ್ಲಿ ಒಂದು ನೆವವೂ ಉಳಿದಿರಲಿಲ್ಲ. ಆಗ ಗಾಜು ನನ್ನ ಸಹಾಯಕ್ಕೆ ಬಂತು.

ನಮ್ಮ ಕಾರಿನ ಮುಂದಿನ ಎಡಗಡೆಯ ಕಿಟಕಿಯ ಗಾಜು ಶಾರದಾಳ ಆಸ್ತಿ. ಏಸಿ ಹಾಕಿದರೆ ಅವಳ ಗಂಟಲು ಕೆರೆಯುತ್ತದೆ. ಆದ್ದರಿಂದ ಗಾಜು ಇಳಿಸಿಯೇ ಕೂರುತ್ತಾಳೆ. ಅದರ ಮೂಲಕವೇ ಪೇರಲಹಣ್ಣು ಚೌಕಾಸಿ ಮಾಡುತ್ತಾಳೆ, ಅಡ್ಡ ಬಂದ ರಿಕ್ಷಾದವರನ್ನು ಶುದ್ಧ ಮರಾಠಿಯಲ್ಲಿ ವಿಚಾರಿಸಿಕೊಳ್ಳುತ್ತಾಳೆ. ಅವಳು ಇಳಿಸುವುದು, ನಾನು ನನ್ನ ಕಡೆಯ ಬಟನ್ನಿನಿಂದ ಏರಿಸುವುದು. ಆ ಗುರುವಾರ ಮಾರುಕಟ್ಟೆಯಿಂದ ತರಕಾರಿ ತಂದು ಕಾರು ನಿಲ್ಲಿಸಿ, ಎಂದಿನಂತೆ ಎಲ್ಲ ಗಾಜುಗಳನ್ನೂ ಭದ್ರಪಡಿಸುತ್ತಿದ್ದೆ. ಎಡಗಡೆ ‘ಕಟಕ್’ ಎಂದಿತು. ಗಾಜು ಒಂದು ಕ್ಷಣ ನಡುಗಿ, ತಲೆಸುತ್ತು ಬಂದವರ ಹಾಗೆ ಮೆಲ್ಲಗೆ ಬಾಗಿಲೊಳಗೆ ಕುಸಿದುಹೋಯಿತು.

“ನೋಡು! ಇಳಿಸಿ ಇಳಿಸಿ ಕೆಡಸಿಬಿಟ್ಟಿ!” ಎಂದೆ.

“ಅಲ್ರೀ, ಕಿಡಕಿ ಇರೋದ ಇಳಸಾಕ. ಏರಸಿ ಇಡೋದಾಗಿದ್ರ ಅಲ್ಲೊಂದು ಗ್ವಾಡಿ ಕಟಸಬೇಕಿತ್ತು.”

ಇಷ್ಟಕ್ಕೆ ಸುಮ್ಮನಿರಬೇಕಿತ್ತು. “ಒಂದು ಬಟನ್ ಸಂಭಾಳಿಸಾಕ ಬರಂಗಿಲ್ಲ, ದಿವೇಘಾಟ್ ಹತ್ತಸ್ತಾಳಂತ,” ಎಂದುಬಿಟ್ಟೆ. ಶಾರದಾ ಕಾರಿನಿಂದ ಇಳಿದಳು. ಎರಡೂ ಚೀಲ ತಾನೇ ಎತ್ತಿಕೊಂಡು ಮೇಲೆ ಹೋದಳು. ಅಂದು ಪಲ್ಯಕ್ಕೆ ಉಪ್ಪು ಸರಿಯಾಗಿತ್ತು, ಮಾತು ಮಾತ್ರ ಇರಲಿಲ್ಲ. ನನಗೆ ಕೆಟ್ಟದೆನಿಸಿದ್ದು ನಿಜ. ಭಾನುವಾರದ ಗಂಡಾಂತರ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾದದ್ದೂ ಅಷ್ಟೇ ನಿಜ.

ಹಗುರಾದ ಮನಸ್ಸು ಹೆಚ್ಚು ಹೊತ್ತು ಖಾಲಿ ಇರುವುದಿಲ್ಲ. ಕಳ್ಳರ ಚಿಂತೆ ಬಂತು. ಸೀರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲ ಕತ್ತರಿಸಿ ಕಿಟಕಿಗೆ ಅಂಟಿಸಿದೆ. ಅದರ ಮೇಲೆ ಮರಾಠಿಯಲ್ಲಿ, ‘ಒಳಗೆ ಬೆಲೆಬಾಳುವ ವಸ್ತುಗಳೇನೂ ಇಲ್ಲ’ ಎಂದು ದಪ್ಪ ಅಕ್ಷರದ ಚೀಟಿ ಹಚ್ಚಿದೆ. ಗೇಟು ಗೇಟಿಗೂ ಚುಚ್ಚುಮಾತಿನ ಫಲಕ ತೂಗುವ ಪುಣೆಯಲ್ಲಿ ಇಷ್ಟು ವರ್ಷ ಇದ್ದು ಫಲಕ ಬರೆಯುವುದನ್ನು ಕಲಿಯದಿದ್ದರೆ ಹೇಗೆ? ಮರುದಿನ ಬೆಳಿಗ್ಗೆ ಅದರ ಕೆಳಗೆ, ಮೊದಲ ಮಹಡಿಯ ಜೋಶಿ ಕಾಕಾ ಅವರ ಮುತ್ತಿನಂಥ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: ‘ಕಾರು ನೋಡಿದರೇ ತಿಳಿಯುತ್ತದೆ.’

ಶನಿವಾರ ಶಾರದಾ ಮಾತಾಡಿದಳು. “ಕೊಂಢವಾ ಏರಿಯಾದಾಗ ಒಬ್ರು ಮೆಕ್ಯಾನಿಕ್ ಅದಾರಂತ. ನಮ್ಮ ಡ್ರೈವಿಂಗ್ ಸ್ಕೂಲಿನ ಟೀಚರಬಾಯಿ ಹೇಳ್ಯಾರ. ಇವತ್ತ ಮಾಡಿಕೊಡ್ತಾರ. ಏಳ್ರಿ.” ಏಳದೆ ವಿಧಿಯಿರಲಿಲ್ಲ. ದಾರಿಯುದ್ದಕ್ಕೂ ಪ್ಲಾಸ್ಟಿಕ್ಕು ಪಟಪಟ ಬಡಿದು ನಮ್ಮಿಬ್ಬರ ಪರವಾಗಿ ಮಾತಾಡಿತು.

ಮೆಕ್ಯಾನಿಕ್ ಮಹಬೂಬಭಾಯ್ ನನ್ನ ಮರಾಠಿಯನ್ನು ಎರಡು ವಾಕ್ಯ ತಾಳ್ಮೆಯಿಂದ ಕೇಳಿ, “ಕನ್ನಡದಾಗ ಹೇಳ್ರಿ ಸರ. ನಾ ಇಂಡಿ ಕಡ್ಯಾಂವ,” ಎಂದರು. ಆ ಕ್ಷಣ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಅದು ಎಷ್ಟು ದೊಡ್ಡ ಅನಾಹುತ ಎಂಬುದು ಆಮೇಲೆ ತಿಳಿಯಿತು. ಗಾಜು ಕೆಟ್ಟ ಕಾರಣವನ್ನು ಅವರು ಮರಾಠಿಯಲ್ಲಿ ಹೇಳಿದ್ದರೆ, ಗ್ಯಾರೇಜಿನ ಭಾಷೆ ಅರ್ಥವಾಗದವನಂತೆ ನಾನು ಪಾರಾಗಬಹುದಿತ್ತು.

ಅವರು ಬಾಗಿಲ ಒಳಮೈಯ ಹಲಗೆ ಬಿಚ್ಚಿದರು. ಒಳಗೆ ಶಾರದಾಳ ಎರಡು ಹೇರ್‌ಪಿನ್ನು, ಪೇರಲದ ಜೊತೆ ಕೊಡುವ ಉಪ್ಪುಖಾರದ ಒಂದು ಪೊಟ್ಟಣ ಸಿಕ್ಕವು. ಸಾಕ್ಷಿ ಸಿಕ್ಕ ವಕೀಲನಂತೆ ನಾನು ಎದೆಯುಬ್ಬಿಸಿದೆ. ಮಹಬೂಬಭಾಯ್ ಅವನ್ನು ಪಕ್ಕಕ್ಕಿಟ್ಟು, ಗಾಜನ್ನು ಎಳೆಯುವ ಮಷೀನು ಹೊರತೆಗೆದು, ಎಳೆಎಳೆಯಾಗಿ ಬಿಚ್ಚಿಕೊಂಡಿದ್ದ ತಂತಿಯನ್ನು ಬೆರಳಿನಿಂದ ಎತ್ತಿ ಹಿಡಿದರು.

“ಗ್ಲಾಸು ಪೂರಾ ಮ್ಯಾಲೆ ಹೋಗಿ ನಿಂತ ಮ್ಯಾಲೂ ಬಟನ್ ಜಗ್ಗವ್ರು ಯಾರ್ರಿ ನಿಮ್ಮ ಮನ್ಯಾಗ?”

ನಾನು ಕೊನೆಯ ಪ್ರಯತ್ನ ಮಾಡಿದೆ. “ಭಾಳ ಸಲ ಇಳಿಸಿದ್ರೂ ಹಿಂಗ ಆಗ್ತದಲ್ರಿ?”

“ಇಳಸಾಕ ಅದಕ್ಕ ಏನ್ ತ್ರಾಸ್ರಿ ಸರ? ಇದು ಮ್ಯಾಲಕ್ಕ ಜಗ್ಗಿ ಜಗ್ಗಿ ಹೋಗಿದ್ದು. ಮುಂದ ಜಾಗಾ ಇಲ್ಲ, ಮೋಟರ್ ಮಾತ್ರ ಎಳಿಯಾಕತ್ತದ. ತಂತಿ ಎಷ್ಟಂತ ತಡೀಬೇಕ್ರಿ?” ಎಂದವರು ಉಳಿದ ಮೂರು ಗಾಜುಗಳನ್ನೂ ಏರಿಸಿ ಇಳಿಸಿ ನೋಡಿ ತಲೆಯಾಡಿಸಿದರು. “ಇವೂ ಅದ ದಾರಿ ಹಿಡದಾವ. ಆದ್ರ ಎಡಗಡೇದಕ್ಕ ಅಷ್ಟ ಯಾಕ ಸಿಟ್ಟು?”

“ಉಳದ ಗಾಜಿಗೆಲ್ಲ ಎರಡೆರಡ ಸಲ ಒತ್ತತಾರ್ರಿ ಭಾಯ್,” ಎಂದಳು ಶಾರದಾ ಶಾಂತವಾಗಿ. “ನಂದಕ್ಕ ಐದ ಸಲ. ನಂಬಿಕಿ ಇಲ್ಲ, ಅದಕ್ಕ.”

ಎಷ್ಟು ವರ್ಷದಿಂದ ಎಣಿಸುತ್ತಿದ್ದಳೋ! ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ. ಹೊರಬಂದದ್ದು ಬೇರೆ ಮಾತು: “ನಾಳೆ ಜೇಜುರಿಗೆ ಎಷ್ಟು ಗಂಟೆಕ್ಕ ಹೊರಡೋದು?” ಅವಳು ಹೇರ್‌ಪಿನ್ನುಗಳನ್ನು ಒರೆಸಿ ತಲೆಗೆ ಸಿಕ್ಕಿಸಿಕೊಂಡು, “ಆರಕ್ಕ,” ಎಂದಳು. ಮಹಬೂಬಭಾಯ್ ಹೊಸ ಮಷೀನು ಕೂಡಿಸುವವರೆಗೆ ನಾನು ಚಹಾ ಕುಡಿಯಲು ಹೋದೆ. ಮರಳಿದಾಗ ಅವರು, “ವೈನಿ, ಇಷ್ಟ ನೆನಪಿಡ್ರಿ,” ಎಂದು ಚಾಲಕನ ಬಾಗಿಲಲ್ಲಿ ಅವಳಿಗೆ ಏನನ್ನೋ ತೋರಿಸುತ್ತಿದ್ದರು.

ಭಾನುವಾರ ಶಾರದಾ ಕಾರು ನಡೆಸಿದಳು. ನಾನು ಎಡಗಡೆ ಕೂತೆ. ದಿವೇಘಾಟಿನ ಮೊದಲ ತಿರುವಿನಲ್ಲೇ ಒಂದು ಲಾರಿ ಧೂಳೆಬ್ಬಿಸಿಕೊಂಡು ಬಂತು. ನಾನು ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ತುಳಿಯುತ್ತ, ಗಾಜು ಏರಿಸಲು ಬಟನ್ ಒತ್ತಿದೆ. ಗಾಜು ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. “ಶಾರದಾ! ಗಾಜು ಮತ್ತ ಹೋತು!”

“ಹೋಗಿಲ್ರೀ. ಲಾಕ್ ಮಾಡೇನಿ.” ಅವಳ ಕಣ್ಣು ರಸ್ತೆಯ ಮೇಲೇ ಇತ್ತು. “ಸಣ್ಣ ಹುಡುಗೂರು ಬಟನ್ ಒತ್ತಿ ಆಡಬಾರದಂತ ಗಾಡಿಯೊಳಗ ಕೊಟ್ಟಿರ್ತಾರಂತ. ಮಹಬೂಬಭಾಯ್ ತೋರ್ಸಿದ್ರು.”

ಲಾರಿ ಹೋಯಿತು. ತಿರುವು ಹೋಯಿತು. ಅದರಾಚೆ, ನನ್ನ ಯಾವ ವರದಿಯಲ್ಲೂ ಇಲ್ಲದ ಹಾಗೆ, ಬರೀ ರಸ್ತೆ ಇತ್ತು. ಜೇಜುರಿಯ ಮೆಟ್ಟಿಲ ಮೇಲೆ ಅವಳು ಹಾರಿಸಿದ ಭಂಡಾರದಲ್ಲಿ ಅರ್ಧ ದೇವರಿಗೆ, ಅರ್ಧ ನನ್ನ ತಲೆಗೆ.

ಮನೆ ಮುಟ್ಟಿದ ಮೇಲೆ ಅವಳು ಗಾಜುಗಳನ್ನು ಒಂದೊಂದೇ ಸಲ ಏರಿಸಿ, ಕಾರಿಗೆ ಬೀಗ ಹಾಕಿ, ಹಿಂತಿರುಗಿಯೂ ನೋಡದೆ ಮೆಟ್ಟಿಲ ಕಡೆ ನಡೆದಳು. ನಾನು ಹಿಂದುಳಿದು, ಜೋಶಿ ಕಾಕಾ ಅವರ ಕಿಟಕಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗಡೆಯ ಬಾಗಿಲ ಹಿಡಿಕೆಯನ್ನು ಸದ್ದಾಗದಂತೆ ಜಗ್ಗಿ ನೋಡಿದೆ.

“ಎಷ್ಟನೇದ್ರೀ ಅದು?” ಮೆಟ್ಟಿಲಿಂದ ದನಿ ಬಂತು.

“ಮೊದಲನೇದು,” ಎಂದೆ. ಮೈಲಾರಲಿಂಗ ಕ್ಷಮಿಸಲಿ, ಅದು ಮೂರನೆಯದು.