ಕೊನೇ ಪಂಕ್ತಿಗೆ ಮೊದಲು ಬಡಿಸೋ ಆಟ

ಒಂದು ಒಗಟು. ಪಂಕ್ತೀಲಿ ಕೊನೇಗೆ ಕೂತವನಿಗೆ ಮೊದಲು ಬಡಿಸ್ತಾರೆ. ಗುರಿ ತಪ್ಪಿ ಹೊಡೆದವನಿಗೂ ಒಂದು ಕೊಡ್ತಾರೆ. ಚೆಂಡು ಅಂತಾರೆ, ಉರುಟಾಗಿಲ್ಲ. ಸೋತು ಸೋತೇ ಮೇಲೆ ಬರ್ತಾರೆ. ಏನದು?

ಬಿಡಿ, ನಿಮಗೆ ಗೊತ್ತಾಗಲ್ಲ. ನಮ್ಮಪ್ಪನ್ನ ಕೇಳಿದಾಗ "ಬ್ಯಾಂಕು" ಅಂದ್ರು. ಮುಳುಗಿದ ಬ್ಯಾಂಕುಗಳಿಗೇ ಸರ್ಕಾರ ಕರೆದು ದುಡ್ಡು ಕೊಟ್ಟ ಆ ವರ್ಷ ಪೇಪರ್ ಓದ್ತಿದ್ದವರೆಲ್ಲ ಅದೇ ಉತ್ತರ ಕೊಡ್ತಿದ್ರು.

ಉತ್ತರ ಆಸ್ಟ್ರೇಲಿಯನ್ ಫುಟ್‌ಬಾಲ್. ಶಿಕಾಗೋ ಪಕ್ಕದ ನಮ್ಮ ಬೋಲಿಂಗ್‌ಬ್ರೂಕಿನ ಕನ್ನಡದವರಿಗೂ ಆಸ್ಟ್ರೇಲಿಯಾಕ್ಕೂ ಏನು ಸಂಬಂಧ ಅಂದ್ರೆ, ಕೋಚ್ ಅಂಕಲ್. ಮೈಸೂರಿನವರು. ಮೆಲ್ಬರ್ನ್‌ನಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡ್ತಿದ್ರು, ಆಮೇಲೆ ಡೆಟ್ರಾಯ್ಟ್ ಕಡೆ ಬಂದು ಅದನ್ನೇ ಮಾಡಿದ್ರು. ಜನ ಕಾರು ಕೊಳ್ಳೋದನ್ನೇ ನಿಲ್ಲಿಸಿದ ಮೇಲೆ ಬ್ರೇಕ್ ಯಾರಿಗೆ ಬೇಕು? ಲೇಆಫ್ ಆಯ್ತು. ಅವರ ಹೆಂಡತಿಗೆ ಇಲ್ಲೊಂದು ಕೆಲಸ ಇತ್ತು ಅಂತ ನಮ್ಮ ಸಬ್‌ಡಿವಿಷನ್‌ಗೆ ಬಂದ್ರು. ಬರುವಾಗ ಮೊಟ್ಟೆ ಥರದ್ದೊಂದು ಚೆಂಡು ತಂದ್ರು. ಶಿಕಾಗೋ ಕಡೆ ಮೂರು ಟೀಮು, ಡೆಟ್ರಾಯ್ಟ್ ಕಡೆ ಎರಡು ಟೀಮು ಕಟ್ಟಿಸಿ, ಎಲ್ಲರಿಗೂ ಆಟ ಕಲಿಸಿ, ಕನ್ನಡದವರದ್ದೇ ಒಂದು ಲೀಗ್ ಶುರು ಮಾಡಿದ್ರು. ಕಲಿಸಿದವರ ಸ್ವಂತ ಟೀಮು, ಅಂದ್ರೆ ನಮ್ಮದು, ಎಲ್ಲರಿಗಿಂತ ಕೆಳಗೆ. ಇಂಥವು ನಮ್ಮಲ್ಲಿ ಆಗ್ತಾನೇ ಇರ್ತವೆ.

ಕೆಲಸ ಸಿಕ್ಕಿ ಪೆಟ್ಟಾಯ್ತು

ಎಕಾನಮಿ ಬಿದ್ದಷ್ಟೂ ನಮ್ಮ ಪ್ರಾಕ್ಟೀಸ್ ಎದ್ದಿತು. ಮುಂಚೆ ಶನಿವಾರ ನಾಲ್ಕು ಜನ ಸೇರೋದೇ ಕಷ್ಟ ಇತ್ತು. ಈಗ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಕಿನ ಪಾರ್ಕಿಂಗ್ ಲಾಟ್ ತುಂಬಾ ಇಂಜಿನಿಯರ್ ಅಂಕಲ್‌ಗಳು. ಇಷ್ಟು ಓದಿದವರಿರೋ ಟೀಮು ಇಲಿನಾಯ್‌ನಲ್ಲೇ ಇರಲಿಲ್ಲ. ಸ್ಕೂಲಿಗೆ ಚಕ್ಕರ್ ಹಾಕಿ ಬರ್ತಿದ್ದ ನಾನೊಬ್ಬನೇ ಸರಾಸರಿ ಕೆಳಗಿಳಿಸ್ತಿದ್ದೆ.

ನಮ್ಮಲ್ಲಿ ಒಬ್ಬರು ಅಂಕಲ್ ತುಂಬಾ ಚೆನ್ನಾಗಿ ಒದೀತಿದ್ರು. ಒಂದು ಬೆಳಿಗ್ಗೆ ಅವರು ಬರಲಿಲ್ಲ. ಕೋಚ್ ಅಂಕಲ್ ಫೋನ್ ಮಾಡಿದ್ರು, ಕೇಳಿಸ್ಕೊಂಡ್ರು, ಮುಖ ಸಣ್ಣಗಾಯ್ತು. ಏನಾಯ್ತು ಅಂತ ಎಲ್ಲರೂ ಸುತ್ತ ಸೇರಿದ್ವಿ. ಮಂಡಿಗೆ ಪೆಟ್ಟಾ? ಬೆನ್ನಿಗಾ?

"ಕೆಲಸ ಸಿಕ್ತಂತೆ," ಅಂದ್ರು ಕೋಚ್ ಅಂಕಲ್. "ಈ ಸೀಸನ್ ಪೂರ್ತಿ ಹೋಯ್ತು ಪಾಪ."

ಸೋಲೋಕೂ ಪೈಪೋಟಿ

ಹೊಸ ಆಟಗಾರರನ್ನ ಹಂಚ್ಕೊಳ್ಳೋದಕ್ಕೆ ಡ್ರಾಫ್ಟ್ ಅಂತ ಒಂದು ಪದ್ಧತಿ. ಲೀಗಲ್ಲಿ ಕೊನೇಗೆ ಬಂದ ಟೀಮು ಮೊದಲು ಆರಿಸ್ಕೊಳ್ಳಬಹುದು. ಈ ಪದ್ಧತಿ ಸ್ಕೂಲಲ್ಲೂ ಇದ್ದಿದ್ರೆ ನಾನಿಷ್ಟು ಹೊತ್ತಿಗೆ ಯಾವುದೋ ದೊಡ್ಡ ಯೂನಿವರ್ಸಿಟೀಲಿ ಇರ್ತಿದ್ದೆ.

ಆ ಸಲದ ಡ್ರಾಫ್ಟಿಗೆ ಶಿಕಾಗೋದ ಇನ್ನೊಂದು ಮಗ್ಗುಲಿನ ಡೆಸ್ ಪ್ಲೇನ್ಸ್‌ನಿಂದ ಒಬ್ಬ ಹುಡುಗ ಹೆಸರು ಕೊಟ್ಟಿದಾನೆ ಅಂತ ಸುದ್ದಿ ಬಂತು. ಆರಡಿ ಐದಿಂಚು. ಕನ್ನಡದವರಲ್ಲಿ ಅಷ್ಟೆತ್ತರ ಇರೋದು ಧ್ವಜಸ್ತಂಭ ಮಾತ್ರ. ಅವನು ಬೇಕು ಅಂದ್ರೆ ಕೊನೇ ಮ್ಯಾಚು ಸೋಲಲೇಬೇಕು. ಎದುರಿಗೆ ಡೆಟ್ರಾಯ್ಟ್ ಕಡೆಯ ವೆಸ್ಟ್ ಬ್ಲೂಮ್‌ಫೀಲ್ಡ್ ಟೀಮು. ಅವರೂ ನಮ್ಮಷ್ಟೇ ಸೋತವರು. ಅವರಿಗೂ ಅದೇ ಹುಡುಗ ಬೇಕಿತ್ತು.

ಅಂಪೈರ್ ಶಿಳ್ಳೆ ಊದಿದ್ರು. ಚೆಂಡಿನ ಹತ್ರ ಯಾರೂ ಹೋಗಲಿಲ್ಲ. ಪಾರ್ಕಿನ ಒಂದು ಹೆಬ್ಬಾತು ನಡ್ಕೊಂಡು ಬಂದು ಚೆಂಡಿನ ಪಕ್ಕ ಕೂತಿತು. ತನ್ನದೇ ಅಂದ್ಕೊಂಡಿತೋ ಏನೋ.

ಈ ಆಟದಲ್ಲಿ ಎರಡೂ ತುದೀಲಿ ನಾಲ್ಕು ನಾಲ್ಕು ಕಂಬ ಇರ್ತವೆ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ತಪ್ಪಿ ಪಕ್ಕದ ಸಂದೀಲಿ ಹೋದ್ರೂ, ನಡುವಿನ ಕಂಬಕ್ಕೆ ತಾಗಿದ್ರೂ ಪ್ರಯತ್ನಕ್ಕೆ ಅಂತ ಒಂದು ಪಾಯಿಂಟು. ನಾವೇ ಕಾಯ್ಬೇಕಾದ ಕಂಬದ ಮಧ್ಯೆ ನಾವೇ ಚೆಂಡು ದಾಟಿಸಿದ್ರೆ ಎದುರಾಳಿಗೆ ಒಂದು. ಇದು ನೆನಪಾಗಿದ್ದೇ ತಡ, ನಮ್ಮವರೊಬ್ಬರು ಹೆಬ್ಬಾತನ್ನ ಓಡಿಸಿ, ಚೆಂಡು ಎತ್ಕೊಂಡು, ನಮ್ಮ ಕಡೆಗೇ ಓಡಿ ದಾಟಿಸಿದ್ರು. ವೆಸ್ಟ್ ಬ್ಲೂಮ್‌ಫೀಲ್ಡಿನವರು ಮರ್ಯಾದಸ್ಥರು, ತಕ್ಷಣ ಒಂದು ವಾಪಸ್ ಕೊಟ್ರು. ನಾವು ಇನ್ನೊಂದು ಕೊಟ್ವಿ. ಹೋಟ್ಲಲ್ಲಿ ಬಿಲ್ಲಿಗೆ ಕೈ ಚಾಚಿ 'ನೀವಿರಿ, ನಾನು ಕೊಡ್ತೀನಿ' ಅಂತ ಜಗಳ ಆಡ್ತಾರಲ್ಲ, ಹಂಗೆ ನಡೀತು ಮ್ಯಾಚು.

ಕೊನೇಗೆ ನಾವೇ ಸೋತ್ವಿ. ಏನಿದ್ರೂ ಅವರಿಗಿಂತ ನಮಗೆ ಅಭ್ಯಾಸ ಜಾಸ್ತಿ.

ಸೋತ ಖುಷೀಲಿ ಕುಣೀತಾ ಮನೆಗೆ ಹೋದ ಕೋಚ್ ಅಂಕಲ್‌ಗೆ ಆಂಟಿ ಬಾಗಿಲಲ್ಲೇ ಹೇಳಿದ್ರಂತೆ. ಇನ್ನೊಂದೇ ಸೀಸನ್. ಕಪ್ ಬಂದ್ರೆ ಇಲ್ಲೇ ಇದ್ದು ಕೆಲಸ ಹುಡುಕಿ. ಬರಲಿಲ್ಲ ಅಂದ್ರೆ ಚೆಂಡು ಗರಾಜ್ ಸೇಲಿಗೆ, ನೀವು ಹೂಸ್ಟನ್‌ಗೆ. ಹೂಸ್ಟನ್‌ನಲ್ಲಿ ಆಂಟಿಯ ತಮ್ಮಂದು ಇಂಡಿಯನ್ ಗ್ರೋಸರಿ ಅಂಗಡಿ. ಕೋಚ್ ಅಂಕಲ್ ನಮ್ಮ ಹತ್ರ ಅಂದಿದ್ದು ಒಂದೇ ಮಾತು: "ಭಾವಮೈದುನನ ಬಾಯಲ್ಲಿ 'ಭಾವ, ಜೀರಿಗೆ ಎಲ್ಲಿಟ್ರಿ' ಅನ್ನಿಸ್ಕೊಳ್ಳೋ ಹಣೆಬರಹ ಬರಬಾರದು ಕಣ್ರಪ್ಪ."

ಹುಡುಗನ್ನ ನೋಡೋ ಶಾಸ್ತ್ರ

ಡ್ರಾಫ್ಟಿಗೆ ಮುಂಚೆ ಹುಡುಗನ್ನ ಒಂದು ಸಲ ಕಣ್ಣಾರೆ ನೋಡ್ಬೇಕು ಅಂತ ಡೆಸ್ ಪ್ಲೇನ್ಸ್‌ಗೆ ಹೊರಟ್ವಿ. ಕೋಚ್ ಅಂಕಲ್, ಆಂಟಿ, ನಾನು. ಬರಿಗೈಲಿ ಹೋಗಬಾರದು ಅಂತ ಆಂಟಿ ಹಣ್ಣು ತಗೊಂಡ್ರು. ಹೂವನ್ನೂ ತಗೊಳ್ಳಿ ಅಂತ ಹೇಳಿದ್ದು ನಾನು.

ಅದು ಹುಬ್ಬಳ್ಳಿ ಕಡೆಯ ಮನೆ. ಹುಡುಗನ ತಾಯಿ ಡಾಕ್ಟರು. ತಂದೆ ಏರ್‌ಪೋರ್ಟ್ ಹತ್ರ ಯಾವುದೋ ಕಂಪನೀಲಿ ಇಂಜಿನಿಯರು. ಡಾಕ್ಟರ್ ಆಂಟಿಯ ತಾಯಿ, ಹುಬ್ಬಳ್ಳಿ ಅಜ್ಜಿ, ಆರು ತಿಂಗಳಿಗೆ ಅಂತ ಬಂದಿದ್ರು. ಉಪ್ಪಿಟ್ಟು ಬಂತು, ಶಿರಾ ಬಂತು. ಆಮೇಲೆ ಹುಡುಗ ತಲೆ ಬಗ್ಗಿಸ್ಕೊಂಡು ಚಹಾದ ಟ್ರೇ ಹಿಡ್ಕೊಂಡು ಬಂದ. ನಾಚಿಕೆಯಿಂದಲ್ಲ, ಬಾಗಿಲ ಚೌಕಟ್ಟು ಅಡ್ಡ ಬರ್ತಿತ್ತು.

ಅವರಮ್ಮ ಗುಣಗಾನ ಶುರು ಮಾಡಿದ್ರು. ವಯೊಲಿನ್ ನುಡಿಸ್ತಾನೆ, ಮ್ಯಾಥ್ಸಲ್ಲಿ ಮುಂದು, ಒಂದು ಕೆಟ್ಟ ಚಟ ಇಲ್ಲ. ಕೋಚ್ ಅಂಕಲ್ ಕಣ್ಣೆಲ್ಲ ಅವನ ಮೊಣಕಾಲ ಮೇಲೆ. ಅಷ್ಟರಲ್ಲಿ ಸೀಲಿಂಗಲ್ಲಿದ್ದ ಸ್ಮೋಕ್ ಅಲಾರ್ಮ್ ಕೀ ಅಂತು, ಬ್ಯಾಟರಿ ಮುಗಿದಿತ್ತು. ಹುಡುಗ ಸ್ಟೂಲ್ ಹುಡುಕಲಿಲ್ಲ. ನಿಂತಲ್ಲೇ ಕೈ ಎತ್ತಿ ಬಿಚ್ಚಿಕೊಟ್ಟ. ಕೋಚ್ ಅಂಕಲ್ ಕಣ್ಣಲ್ಲಿ ನೀರು ಬಂತು. ಸ್ವಲ್ಪ ನಡೆದು ತೋರಿಸಪ್ಪ ಅಂದ್ರು. ನಡೆದ. ಓಡ್ತೀಯಾ ಅಂದ್ರು. "ಓಕೆ" ಅಂದ. ಆ ಹುಡುಗ ನಮ್ಮ ಹತ್ರ ಆಡಿದ ಮಾತೆಲ್ಲ ಸೇರಿಸಿದ್ರೂ ಅದೊಂದೇ.

ಹೊರಡುವಾಗ ಕೋಚ್ ಅಂಕಲ್ ಕೈ ಮುಗಿದು, "ಹುಡುಗ ಒಪ್ಪಿಗೆ. ಮನೆಗೆ ಹೋಗಿ ತಿಳಿಸ್ತೀವಿ," ಅಂದ್ರು.

ಅಲ್ಲೀವರೆಗೆ ಸುಮ್ಮನೆ ಕೂತಿದ್ದ ಅಜ್ಜಿ ಕನ್ನಡಕ ಏರಿಸ್ಕೊಂಡ್ರು. "ಅದೆಲ್ಲಾ ಖರೆ. ಹುಡುಗಿ ಫೋಟೋ ತಂದೀರೇನ್ರಿ?"

ಅಳಿಯನ್ನ ಕರಕೊಂಡು ಹೋಗ್ರಿ

ಡ್ರಾಫ್ಟ್ ನಡೆದಿದ್ದು ನಮ್ಮ ಬೇಸ್‌ಮೆಂಟಲ್ಲಿ. ಮೊದಲ ಆಯ್ಕೆ ನಮ್ಮದು, ಹುಡುಗ ನಮ್ಮವನಾದ. ಮನೆಗೆ ತಿಳಿಸೋ ಕೆಲಸ ನನ್ನದು. ಫೋನ್ ಎತ್ತಿದ್ದು ಅಜ್ಜಿ. ನಾನು ಸುಳ್ಳು ಹೇಳಲಿಲ್ಲ. ಸ್ವಲ್ಪ ದಪ್ಪ ದನೀಲಿ ನಿಮ್ಮ ಮೊಮ್ಮಗನ್ನ ಡ್ರಾಫ್ಟ್ ಮಾಡಿದಾರೆ, ಸಂಜೆ ಬಂದು ಯೂನಿಫಾರ್ಮ್ ಕೊಡ್ತಾರೆ ಅಂದೆ, ಅಷ್ಟೆ.

ಅಜ್ಜಿ ದಿನಾ ಟೀವೀಲಿ ಇರಾಕ್ ನೋಡ್ತಿದ್ರು. ಅಮೆರಿಕದಲ್ಲಿ ಹಿಂದೆಲ್ಲ ಹುಡುಗರನ್ನ ಡ್ರಾಫ್ಟ್ ಮಾಡಿ ಯುದ್ಧಕ್ಕೆ ಕಳಿಸ್ತಿದ್ರು ಅನ್ನೋದನ್ನ ಅಳಿಯನೇ ಅವರಿಗೆ ಹೇಳಿಕೊಟ್ಟಿದ್ದ. ಸಂಜೆ ಹೊತ್ತಿಗೆ ಮೊಮ್ಮಗ ದೇವರ ಕೋಣೇಲಿದ್ದ, ಒಳಗೆ ಹೋಗು ಅಂದಿದ್ದಕ್ಕೆ "ಓಕೆ" ಅಂದಿದ್ನಂತೆ. ಅವನ ಪಾಸ್‌ಪೋರ್ಟು ಅಕ್ಕಿ ಡಬ್ಬೀಲಿತ್ತು. ಹುಬ್ಬಳ್ಳೀಲಿ ನೆಂಟರೆಲ್ಲ ಎದ್ದು ಕೂತಿದ್ರು.

ಕೋಚ್ ಅಂಕಲ್ ಜರ್ಸಿ ಹಿಡ್ಕೊಂಡು ಹೋಗಿ ಬೆಲ್ ಒತ್ತಿದ್ರು. ನಮ್ಮ ಜರ್ಸಿ ಆಲಿವ್ ಹಸಿರು. ಕ್ಲಿಯರೆನ್ಸ್ ಸೇಲಲ್ಲಿ ಅದೊಂದೇ ಬಣ್ಣ ಉಳಿದಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತ್ರು. ಹಿಂದೆ ಅಳಿಯ ಚಹಾ ಕಪ್ ಹಿಡ್ಕೊಂಡು, ಏನು ನಡೀತಿದೆ ಅಂತ ಇಣುಕಿದ.

"ಅಂವ ಇನ್ನೂ ಸಣ್ಣಾಂವ ಅದಾನ್ರಿ," ಅಂದ್ರು ಅಜ್ಜಿ. "ಯಾರರೆ ಬೇಕಾ ಬೇಕಂದ್ರ, ನಮ್ಮ ಅಳಿಯನ್ನ ಕರಕೊಂಡು ಹೋಗ್ರಿ."

ಎಷ್ಟಕ್ಕ?

ಒಬ್ಬರು ಒದ್ದ ಚೆಂಡನ್ನ ಇನ್ನೊಬ್ಬರು ನೆಲಕ್ಕೆ ಬೀಳದ ಹಾಗೆ ಹಿಡಿದ್ರೆ ಅದಕ್ಕೆ ಮಾರ್ಕ್ ಅಂತಾರೆ. ಹಿಡಿದವನು ಆರಾಮಾಗಿ ನಿಂತು ಒದೀಬಹುದು, ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಹುಡುಗ ಕೈ ಎತ್ತಿದ್ರೆ ಸಾಕು, ಮಾರ್ಕು. ಮೊದಲ ಮ್ಯಾಚ್ ಮುಗಿದ ಸಂಜೆ ಡಾಕ್ಟರ್ ಆಂಟಿ ಫೋನ್ ಮಾಡಿ ಹೆಂಗ ಆಡಿದ ಅಂತ ಕೇಳಿದ್ರು. ಕೋಚ್ ಅಂಕಲ್ ಹೆಮ್ಮೆಯಿಂದ, ಹನ್ನೊಂದು ಮಾರ್ಕ್ಸ್ ತಗೊಂಡ ಮೇಡಂ, ಟೀಮಲ್ಲೇ ಹೈಯೆಸ್ಟು ಅಂದ್ರು.

ಡಾಕ್ಟರ್ ಆಂಟಿ ತಕ್ಷಣ ಕೇಳಿದ್ರು.

"ಎಷ್ಟಕ್ಕ?"

ಇದಕ್ಕೆ ಔಟ್ ಆಫ್ ಅಂತ ಏನಿಲ್ಲ ಮೇಡಂ ಅಂತ ಅಂಕಲ್ ಎಷ್ಟು ಬಿಡಿಸಿ ಹೇಳಿದ್ರೂ ಅವರು ಬಿಡಲಿಲ್ಲ. ನಮ್ಮನ್ಯಾಗ ಹನ್ನೊಂದು ಯಾರೂ ತಗೊಂಡಿಲ್ಲ ಅಂದ್ರು. ಮಾರನೇ ದಿನದಿಂದಲೇ ಹುಡುಗನಿಗೆ ಕೋಚ್ ಅಂಕಲ್ ಹತ್ರ ಟ್ಯೂಷನ್. ಸ್ಕೂಲ್ ಮುಗಿದ ಮೇಲೆ ಡಾಕ್ಟರ್ ಆಂಟೀನೇ ಕಾರಲ್ಲಿ ಕರ್ಕೊಂಡು ಬಂದು ಬಿಡ್ತಿದ್ರು. ಮಾರ್ಕ್ಸ್ ಏರ್ತಾ ಹೋಯ್ತು, ಟೀಮು ಗೆಲ್ತಾ ಹೋಯ್ತು.

ಊರೆಲ್ಲ ಅಪ್ಲೈ ಮಾಡಿ ಸುಸ್ತಾಗಿದ್ದ ಅಂಕಲ್‌ಗೆ ಲೇಆಫ್ ಆದ್ಮೇಲೆ ಸಿಕ್ಕ ಮೊದಲ ಕೆಲಸ ಅದು. ಇಂಟರ್‌ವ್ಯೂ ಕೂಡ ಇರಲಿಲ್ಲ.

ಉಳಿದ ಐದು

ಫೈನಲ್ ವೆಸ್ಟ್ ಬ್ಲೂಮ್‌ಫೀಲ್ಡಲ್ಲಿ, ಅವರ ಮೇಲೇ. ಹಿಂದಿನ ವರ್ಷ ಸೋಲೋಕೆ ಕಿತ್ತಾಡಿದ ಎರಡು ಟೀಮೇ ಈಗ ಗೆಲ್ಲೋಕೆ ಕಿತ್ತಾಡೋದು. ಎರಡನೇ ಆಯ್ಕೇಲಿ ಅವರಿಗೂ ಒಬ್ಬ ಒಳ್ಳೆ ಹುಡುಗ ಸಿಕ್ಕಿದ್ದ. ಮಿನಿವ್ಯಾನ್‌ಗಳಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಕೊಂಡು ಐ-ತೊಂಬತ್ನಾಲ್ಕು ಹೈವೇ ಹಿಡಿದು ಹೋದ್ವಿ. ದಾರಿಯುದ್ದಕ್ಕೂ ಆಂಟಿ ಹಿಂದಿನ ಸೀಟಲ್ಲಿ ತಮ್ಮನ ಜೊತೆ ಫೋನಲ್ಲಿದ್ರು. ಅಂಗಡೀಲಿ ಯಾವ ಕೆಲಸ ಖಾಲಿ ಇದೆ ಅಂತ ಕೇಳ್ತಿದ್ರು.

ಆಟ ಮುಗಿಯೋದಕ್ಕೆ ಸೈರನ್ ಬದಲು ಒಂದು ಕಾರಿನ ಹಾರನ್ ಇಟ್ಟಿದ್ರು. ಸ್ಕೋರು ಸಮ. ಚೆಂಡು ನನ್ನ ಕೈಗೆ ಬಂತು. ಹಿಂದೆ ಮುಂದೆ ನೋಡದೆ ಮೇಲಕ್ಕೆ ಒದ್ದೆ. ಆ ಉದ್ದದ ಹುಡುಗ ಎಲ್ಲರ ತಲೆ ಮೇಲಿಂದ ಕೈ ಚಾಚಿ ಹಿಡಿದ. ಹಿಡಿದ ಮೇಲೆ ಹಾರನ್ ಹೊಡೀತು. ಮಾರ್ಕ್ ಆಗಿದ್ದರಿಂದ ಅವನಿಗೆ ಒಂದು ಒದೆ ಬಾಕಿ. ಅಂಕಲ್‌ಗೆ ನೋಡೋಕೆ ಆಗಲಿಲ್ಲ, ಪಾರ್ಕಿಂಗ್ ಲಾಟ್ ಕಡೆ ತಿರುಗಿ ನಿಂತ್ರು. ಏನಾಯ್ತು ಅಂತ ನೀನೇ ಹೇಳು ಅಂತ ನನಗೆ ಕೂಗಿದ್ರು.

ಹುಡುಗ ಒದ್ದ. ಚೆಂಡು ತೇಲ್ಕೊಂಡು ಹೋಗಿ ನಡುವಿನ ಕಂಬಕ್ಕೆ ತಾಗಿ ಪಕ್ಕಕ್ಕೆ ಬಿತ್ತು.

"ಒಂದು ಬಂತು ಅಂಕಲ್," ಅಂದೆ.

ಒಂದು ಸಾಕಿತ್ತು. ಗುರಿ ತಪ್ಪಿ ಗೆದ್ದ ಟೀಮು ಅಂದ್ರೆ ನಮ್ಮದೇ. ಕೋಚ್ ಅಂಕಲ್ ಕಪ್ ಎತ್ತಿದ್ರು, ಆಂಟಿ ತಮ್ಮನಿಗೆ ಫೋನ್ ಮಾಡಿ ನಿಮ್ಮ ಭಾವ ಬರಲ್ಲ ಅಂದ್ರು. ಅಷ್ಟರಲ್ಲಿ ಡಾಕ್ಟರ್ ಆಂಟಿ ಮೈದಾನದ ಮಧ್ಯಕ್ಕೆ ಬಿರಬಿರನೆ ಬಂದು ಮಗನ ಮುಂದೆ ನಿಂತ್ರು. ಅಪ್ಪಿಕೊಳ್ತಾರೆ ಅಂತ ನಾವು ದಾರಿ ಬಿಟ್ವಿ.

"ಆರಕ್ಕ ಒಂದಾ?" ಅಂದ್ರು. "ಉಳದ ಐದು ಎಲ್ಲಿ ಹೋದ್ವು?"

"ಓಕೆ," ಅಂದ ಹುಡುಗ.

ಡಾಕ್ಟರ್ ಆಂಟಿ ಕೇಳಿದ್ದು ನಿಜ, ಹುಡುಗ ಓಕೆ ಅಂದಿದ್ದೂ ನಿಜ, ಚೆಂಡು ಕಂಬಕ್ಕೆ ತಾಗಿದ್ದೂ ನಿಜ. ಸ್ಕೋರು ಸಮ ಇರಲಿಲ್ಲ. ನಾವು ಎರಡು ಹಿಂದಿದ್ವಿ, ಒಂದರಲ್ಲಿ ಸೋತ್ವಿ. ಆ ಐದು ಎಲ್ಲಿ ಅಂತ ಆಂಟಿ ಸರಿಯಾಗೇ ಕೇಳಿದ್ರು. ಕಪ್ ಬಂದಿದ್ದು ಮುಂದಿನ ವರ್ಷ. ಕೋಚ್ ಅಂಕಲ್ ಆರಿಸಿದ ಹುಡುಗರೇ ಗೆದ್ದಿದ್ದು, ಅಂಕಲ್ ಹೂಸ್ಟನ್‌ನಲ್ಲಿ ಜೀರಿಗೆ ಎಲ್ಲಿಟ್ಟೆ ಅಂತ ಹುಡುಕ್ತಿದ್ದಾಗ. ಅವರು ಮೈದಾನದಲ್ಲಿ ಇರಲಿ ಅಂತ ನಾನು ಕಪ್ಪನ್ನ ಒಂದು ವರ್ಷ ಮುಂಚೆ ತಂದೆ. ಒಂದು ವರ್ಷ, ಎರಡು ಪಾಯಿಂಟು, ನಾನು ಕಟ್ಟಿ ಹೇಳಿದ್ದು ಅಷ್ಟೇ.